ಹಿತ್ತಲ ತೊಟ್ಟಿಯಲ್ಲಿ ಇನ್ನೂ ಬದುಕಿರುವ ಮೀನು ಸಾಹೇಬರಿಗೆ

ನಾರಾಯಣ ಪೇಠ, ಪುಣೆ
ಮಾಘ ಮಾಸ, ಇಸವಿ ೧೯೨೯

ಘನತೆವೆತ್ತ ಮೀನು ಸಾಹೇಬರ ಸನ್ನಿಧಿಗೆ, ಖಾನಾವಳಿಯ ಬಿಂದುಮಾಧವನು ತನ್ನ ನೆರಳು ತಮ್ಮ ಮೇಲೆ ಬೀಳದಂತೆ ಹಿಂದಕ್ಕೆ ಸರಿದು ನಿಂತು ಮಾಡುವ ಅನಂತ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ದಿನಾಲೂ ಬಗ್ಗಿ ನೋಡಿ ತಿಳಿದುಕೊಳ್ಳುತ್ತಿದ್ದೇನೆ. ತಾವು ಕ್ಷೇಮವಾಗಿರುವುದೇ ನನ್ನ ತಕರಾರು.

ನಾನು ಹೆಚ್ಚು ಓದಿದವನಲ್ಲ. ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಧಾರವಾಡಕ್ಕೆ ಪ್ಲೇಗು ಬಂದು ಶಾಲೆ ಮುಚ್ಚಿತು, ಅದು ತೆರೆಯುವಷ್ಟರಲ್ಲಿ ನಾನು ಪುಣೆಯಲ್ಲಿ ಹಿಟ್ಟು ನಾದುತ್ತಿದ್ದೆ. ಆದ್ದರಿಂದ ಬರಹದಲ್ಲಿ ತಪ್ಪು ಕಂಡರೆ ಬಾಲದಿಂದ ತಿದ್ದಿಕೊಳ್ಳಬೇಕು. ಪತ್ರವನ್ನು ತಮ್ಮ ತೊಟ್ಟಿಯ ಮೇಲಿನ ಗೋಡೆಗೇ ಅಂಟಿಸಿದ್ದೇನೆ. ಕೈ ತೊಳೆಯಲು ಬರುವ ಗಿರಾಕಿಗಳೂ ಓದಲಿ, ಮೋರಿ ಇನ್ಸ್‌ಪೆಕ್ಟರ್ ಅಪ್ಪಾಸಾಹೇಬರೂ ಓದಲಿ.

ಊರಿನ ಹೊಲಸು ನೀರು ನದಿಯನ್ನು ಕೆಡಿಸಬಾರದೆಂದು ನಿಯಮ ಬಂದಿರುವುದು ತಮಗೆ ತಿಳಿದದ್ದೇ, ಆ ನಿಯಮದಿಂದಲೇ ಅಲ್ಲವೇ ತಮಗೆ ನೌಕರಿ ಸಿಕ್ಕಿದ್ದು! ಖಾನಾವಳಿಯ ಮುಸುರೆಯೂ ಪಾಯಖಾನೆಯ ನೀರೂ ಮೊದಲು ಮುಚ್ಚಿದ ಟಾಕಿಯಲ್ಲಿ ಕೊಳೆಯಬೇಕು, ಆಮೇಲೆ ಒಡೆದ ಇಟ್ಟಿಗೆ ಮತ್ತು ಇದ್ದಿಲಿನ ಹಾಸಿನಲ್ಲಿ ಸೋಸಿ ಹಿತ್ತಲಿನ ತೊಟ್ಟಿಗೆ ಬೀಳಬೇಕು, ಆ ತೊಟ್ಟಿಯಲ್ಲಿ ಒಂದು ಮೀನು ಒಂದು ಪಕ್ಷದವರೆಗೆ ಬದುಕಿದರೆ ನೀರು ಶುದ್ಧವೆಂದು ದಾಖಲೆ ಕೊಟ್ಟು, ಪೈಪು ಹಾಕಿ ಮುಠಾ ನದಿಗೆ ಬಿಡುತ್ತಾರೆ. ಮೀನು ಸತ್ತರೆ ಖಾನಾವಳಿಗೆ ಬೀಗ. ಮೀನಿನ ಹೆಸರು ಕೇಳಿದರೇ ಬಾಯಿ ಮುಕ್ಕಳಿಸುವ ಮನೆತನದ ನಾನು, ಗುರುತಿನವರು ಕಾಣದಂತೆ ಧೋತರದ ಚುಂಗಿನಲ್ಲಿ ಮುಖ ಮರೆಸಿಕೊಂಡು ಬಜಾರಿಗೆ ಹೋಗಿ ಜೀವಂತ ಮೀನು ಕೇಳಿದಾಗ, ಮಾರುವಾಕೆ ತನ್ನ ಮರಾಠಿಯಲ್ಲಿ “ಭಟಜೀ, ಪಾಳಾಯಲಾ ಕೀ ಖಾಯಲಾ?” ಎಂದು, ಅಂದರೆ ಸಾಕಲಿಕ್ಕೋ ತಿನ್ನಲಿಕ್ಕೋ ಎಂದು, ಇಡೀ ಬಜಾರಿಗೆ ಕೇಳಿಸುವಂತೆ ವಿಚಾರಿಸಿದಳು.

ತಮ್ಮ ಹಿಂದೆ ಈ ಹುದ್ದೆಯಲ್ಲಿದ್ದವರು ಪ್ರಾಮಾಣಿಕರು. ನಮ್ಮ ನೀರು ಎಂಥದೆಂಬುದನ್ನು ಒಂದೇ ಹಗಲಿನಲ್ಲಿ ಹೊಟ್ಟೆ ಮೇಲೆ ಮಾಡಿ ತಿಳಿಸಿಬಿಟ್ಟರು. ಸಾರಿನ ಎಣ್ಣೆ ಕಟ್ಟಿಕೊಂಡು ಇದ್ದಿಲಿನ ಹಾಸು ಸೋಸುವುದನ್ನೇ ಬಿಟ್ಟಿತ್ತು. ಅಪ್ಪಾಸಾಹೇಬರು ದೊಡ್ಡ ಮನಸ್ಸು ಮಾಡಿ ಇನ್ನೊಂದು ಮೀನಿಗೆ ಅವಕಾಶ ಕೊಟ್ಟರು; ಹಾಗೆ ಈ ಹುದ್ದೆಗೆ ತಮ್ಮ ನೇಮಣೂಕು ಆಯಿತು. ತಾವೂ ಮೊದಲ ದಿನ ಕರ್ತವ್ಯಕ್ಕೆ ತಕ್ಕಂತೆ ಬಾಯಿ ತೆರೆದು ಮುಚ್ಚಿ ಸಾಯುವ ಸಿದ್ಧತೆಯಲ್ಲಿದ್ದಿರಿ. ಅಷ್ಟರಲ್ಲಿ ನಮ್ಮ ಅತ್ಯಾ ತಮ್ಮನ್ನು ನೋಡಿಬಿಟ್ಟರು.

ಅತ್ಯಾ ಎಂದರೆ ನನ್ನ ತಂದೆಯ ಅಕ್ಕ ರಾಧಾಬಾಯಿಯವರು, ಅದೇ ಪ್ಲೇಗಿನಲ್ಲಿ ತಾಯಿ ತೀರಿದ ಮೇಲೆ ನನ್ನನ್ನು ಸಾಕಿದವರು, ನನಗೆ ಉಳಿದಿರುವ ಒಂದೇ ಜೀವ. ಬೆಳಗಾದರೆ ಘಾಟಿನ ಮೆಟ್ಟಿಲಿಳಿದು ನದಿಯಲ್ಲಿ ಮುಳುಗೆದ್ದು, ಒದ್ದೆ ಸೀರೆಯಲ್ಲೇ ತಾಮ್ರದ ಕೊಡ ತುಂಬಿ ತಂದು ಅದೇ ನೀರನ್ನು ಕುಡಿಯುತ್ತಾರೆ. ಅಂಗಳದಲ್ಲೇ ನಳವಿದ್ದರೂ, “ಅದರ ಹೊಟ್ಟ್ಯಾಗ ಚರ್ಮದ ಬಿಲ್ಲೆ ಅದನೋ, ಆ ನೀರು ಕುಡದು ನಾ ಯಾವ ಲೋಕಕ್ಕ ಹೋಗ್ಲಿ?” ಎನ್ನುತ್ತಾರೆ. ಅಂಥವರು ತಮ್ಮ ಸಂಕಟ ನೋಡಲಾರದೆ, ಮೋರಿಯ ಬಾಯಿಗೆ ತೆಂಗಿನ ನಾರು ತುರುಕಿ, ಹೊಲಸು ನೀರನ್ನು ಬಾಳೆಯ ಗಿಡದತ್ತ ತಿರುಗಿಸಿ, ತೊಟ್ಟಿ ಬರಿದು ಮಾಡಿಸಿ, ಆ ಮಡಿಯ ಕೊಡವನ್ನು ಸಿಡಿಯದಂತೆ ಎತ್ತರದಿಂದ ತಮಗೆ ಸುರಿದರು. ಅಂದಿನಿಂದ ನಿತ್ಯವೂ ಅದೇ ಸೇವೆ, ಮೇಲೆ ನಾಲ್ಕು ಅಗುಳು ಅನ್ನ. ನಮ್ಮ ಬಾಳೆ ಈ ವರ್ಷ ಬಿಟ್ಟ ಗೊನೆಯನ್ನು ನೋಡಲು ಜನ ಬರುತ್ತಿದ್ದಾರೆ.

“ಅತ್ಯಾ, ಇದು ಪರೀಕ್ಷಾ ಅದರಿ, ಅದಕ್ಕ ಛಲೋ ನೀರು ಹಾಕಬಾರದು” ಎಂದು ನಾನು ಕೈ ಮುಗಿದರೆ, “ಪರೀಕ್ಷಾ ನಿನಗ ಇಟ್ಟಾರ, ಅದಕ್ಕ್ಯಾಕೋ ಶಿಕ್ಷಾ? ಮನ್ಯಾಗ ಒಂದು ಜೀವ ಬಾಯಿ ಬಿಡೂವಾಗ ನಾ ತುತ್ತು ಎತ್ತಲ್ಯಾ?” ಎಂದು ತೊಟ್ಟಿಗೆ ಅಗುಳು ಉದುರಿಸಿದರು.

ಪಕ್ಷ ಮುಗಿದ ದಿನ ಅಪ್ಪಾಸಾಹೇಬರು ಬಂದಾಗ ತಾವು ಹೊಡೆದ ಆ ಪಲ್ಟಿಯನ್ನು ನಾನು ಹೇಗೆ ಹೊಗಳಲಿ! ಅದರ ನೀರು ಅವರ ಕೋಟಿಗೆ ಸಿಡಿಯಿತು, ಅವರು ಅದನ್ನು ತೀರ್ಥದಂತೆ ಒರೆಸಿಕೊಂಡರು. ನಾರು, ಕೊಡ, ಬಾಳೆ ಎಲ್ಲದರ ಕಥೆಯನ್ನೂ ನಾನು ಅವರಿಗೆ ಒಪ್ಪಿಸಿದೆ. ಧಾರವಾಡದಲ್ಲಿ ಕೆಲಸ ಮಾಡಿ ಬಂದ ಅವರು ನಮ್ಮ ಮಾತಿನಲ್ಲೇ ಹೇಳಿದರು: “ಬಿಂದುರಾವ್, ಮೀನು ಬದುಕಬೇಕು ಅಂತ ನಿಯಮ ಅದ, ಯಾರ ನೀರಿನಾಗ ಅಂತ ಎಲ್ಲೂ ಇಲ್ಲ. ಸುಮ್ಮನ ಯಾಕ ಶಾಣ್ಯಾ ಆಗ್ತೀರಿ?” ಹೀಗೆ ನಾವು ಶುದ್ಧರಾದೆವು. ಬರುವ ಸೋಮವಾರ ಪೈಪು ಹಾಕುತ್ತಾರೆ. ಅದು ಬೀಳುವುದು ಅತ್ಯಾ ಮುಳುಗುವ ಮೆಟ್ಟಿಲಿಗಿಂತ ಸ್ವಲ್ಪ ಮೇಲೆ, ನೀರು ಹರಿದು ಬರುವ ಕಡೆಗೆ.

ಸ್ವಾಮೀ, ಈ ಸುತ್ತನ್ನು ತಾವೇ ನೋಡಬೇಕು. ಅತ್ಯಾನ ನೀರಿನಿಂದ ತಾವು ಬದುಕಿದಿರಿ, ತಾವು ಬದುಕಿದ್ದರಿಂದ ನಮ್ಮ ಮೋರಿ ನದಿಗೆ ಹೋಗುತ್ತದೆ, ಆ ನದಿಯನ್ನು ಅತ್ಯಾ ಕೊಡದಲ್ಲಿ ತುಂಬಿ ತಂದು ಮೊದಲು ಅವರೇ ಕುಡಿದು ಆಮೇಲೆ ತಮಗೆ ಸುರಿಯುತ್ತಾರೆ. ಆಗ ತಾವು ಖಂಡಿತ ಸಾಯುತ್ತೀರಿ, ನಿಯಮಕ್ಕೆ ತಕ್ಕಂತೆಯೇ ಸಾಯುತ್ತೀರಿ, ಆದರೆ ಅದು ಅತ್ಯಾ ಕುಡಿದ ಮೇಲೆ! ಕಾಲರಾ ಬರುತ್ತದೆಂದು ಹೇಳಿದರೆ, “ನದಿ ತಾಯಿ ಎಲ್ಲಾನೂ ತೊಳಕೋತಾಳ, ನೀ ನಿನ್ನ ರೊಟ್ಟಿ ನೋಡು” ಎನ್ನುತ್ತಾರೆ.

ಆದಕಾರಣ ತಮ್ಮಲ್ಲಿ ನಮ್ರ ವಿನಂತಿ ಏನೆಂದರೆ, ತಾವು ದಯಮಾಡಿ ಸೋಮವಾರದೊಳಗೆ ಸಾಯಬೇಕು. ಅದು ಅನಾನುಕೂಲವಾದರೆ, ಅಪ್ಪಾಸಾಹೇಬರು ಬಂದಾಗಲಾದರೂ ಸ್ವಲ್ಪ ಹೊತ್ತು ಒಂದು ಮಗ್ಗುಲಾಗಿ ತೇಲಬೇಕು, ಇಲ್ಲವೇ ಈ ನೀರು ತಮ್ಮದಲ್ಲವೆಂದು ಬಾಯಿಬಿಟ್ಟು ಹೇಳಿಕೆ ಕೊಡಬೇಕು. ಖಾನಾವಳಿಗೆ ಬೀಗ ಬೀಳಲಿ, ಇನ್ನೊಬ್ಬರ ಮನೆಯಲ್ಲಿ ಹಿಟ್ಟು ನಾದುತ್ತೇನೆ. ತಮ್ಮ ಕರ್ಮಾಂತರವನ್ನು ನಾನೇ ಮಾಡಿಸಿ ಪಂಕ್ತಿ ಹಾಕಿಸುತ್ತೇನೆ. ಗೋತ್ರ ತಿಳಿಸಬೇಕು, ತಿಳಿಯದಿದ್ದರೆ ಕಾಶ್ಯಪವೆಂದು ಹಿಡಿಯುತ್ತೇನೆ.

ತಮ್ಮ ದೀರ್ಘಾಯುಷ್ಯಕ್ಕೆ ಹೆದರಿ ನಡುಗುವ ತಮ್ಮ ವಿಶ್ವಾಸಿ,
ಬಿಂದುಮಾಧವ

ತಾ.ಕ.: ಓದು ಬಾರದ ಅತ್ಯಾ ಗಿರಾಕಿಯೊಬ್ಬನಿಂದ ಈ ಪತ್ರವನ್ನು ಓದಿಸಿ ಕೇಳಿದರು. ಕಾಲರಾಕ್ಕೆ ಹೆದರದವರು, ಪೈಪಿನ ನೀರು ಕೊನೆಗೆ ತಮ್ಮ ತೊಟ್ಟಿಗೇ ಬರುತ್ತದೆ ಎಂಬಲ್ಲಿ ಮಾತ್ರ ಬೆಚ್ಚಿಬಿದ್ದು, “ಅಯ್ಯ, ಪಾಪ, ಆ ಹೊಲಸು ಮೀನಕ್ಕ ಹ್ಯಾಂಗ ಹಾಕ್ಲೋ?” ಎಂದವರೇ, ಇನ್ನು ಮೇಲೆ ಪೈಪಿನಾಚೆಯ ಮೇಲಿನ ಘಾಟಿನಿಂದಲೇ ನೀರು ತರುವುದಾಗಿ ನಿಶ್ಚಯಿಸಿದ್ದಾರೆ. ಸಾಕಿದ ಮಗನಿಗಾಗಿ ಒಂದು ಮೆಟ್ಟಿಲು ಬದಲಿಸದವರು ತಮಗಾಗಿ ಅಷ್ಟು ದೂರ ನಡೆಯುತ್ತಾರೆ. ನಾನು ಸಂತೋಷದಿಂದ ತಮ್ಮ ಕ್ಷಮೆ ಕೇಳಲು ಬರುತ್ತಿದ್ದೆ, ದಾರಿಯಲ್ಲಿ ಒಂದು ಸುದ್ದಿ ತಿಳಿಯಿತು. ಆ ಘಾಟಿನ ಮೇಲ್ಗಡೆಯ ವಾಡೆಯ ಪೈಪು ದೀಪಾವಳಿಯಿಂದಲೇ ನದಿಗೆ ಬೀಳುತ್ತಿದೆ, ಅಪ್ಪಾಸಾಹೇಬರದೇ ಸಹಿ. ಅಲ್ಲಿಯೂ ಒಬ್ಬ ಅಜ್ಜಿ ಇದ್ದಾರೆ. ಅಲ್ಲಿಯ ಮೀನು ತಮಗಿಂತ ದಪ್ಪಗಿದೆಯಂತೆ.