ಕುಳಿತಲ್ಲೇ ನಡೆದ ನನ್ನ ಹೆಂಡತಿ

ಹೆಂಡತಿಗೆ ಸೋಲುವುದು ನನಗೆ ಹೊಸದಲ್ಲ. ಮದುವೆಯಾದ ಯಾರಿಗೂ ಹೊಸದಿರಲಾರದು. ಆದರೆ ನಡಿಗೆಯಲ್ಲಿ, ಅದೂ ಕುಳಿತೇ ಇದ್ದ ಹೆಂಡತಿಗೆ ಸೋತವನು ಬನಹಟ್ಟಿಯಲ್ಲಿ ನಾನೊಬ್ಬನೇ ಇರಬೇಕು. ಸಕ್ಕರೆ ಕಾಯಿಲೆಯವರ ಓಡಾಟವನ್ನು ಮೊಬೈಲಿನಲ್ಲಿ ಅಳೆಯುವ ಸಂಶೋಧನೆಯೆಂದು ಜಮಖಂಡಿಯ ಕಾಲೇಜಿನ ಹುಡುಗಿ ಸ್ನೇಹಾ ನಮ್ಮಿಬ್ಬರ ಬಲಗೈಗೂ ಒಂದೊಂದು ಗಡಿಯಾರ ಕಟ್ಟಿ ಹೋಗಿದ್ದಳು. ಕೈಯ ಅಲುಗಾಟ ನೋಡಿ, ನಡೆದದ್ದು ಯಾವುದು, ಕೂತದ್ದು ಯಾವುದು ಎಂದು ಯಂತ್ರವೇ ಹೇಳುತ್ತದಂತೆ. ನಾನು ಪಕ್ಕದೂರು ರಬಕವಿಯ ತನಕ ಏದುಸಿರು ಬಿಡುತ್ತ ಹೋಗಿ ಬಂದರೆ, ನನ್ನ ಹೆಂಡತಿ ಶಾರದಾ ಒಲೆಯ ಮುಂದೆ ಕೂತು ಪಟಪಟ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊಬೈಲ್ ನೋಡಿದರೆ ನಡಿಗೆಯಲ್ಲಿ ಅವಳೇ ಮುಂದೆ!

ಹೊಟ್ಟೆ ಉರಿಯದೇ ಇದ್ದೀತೆ? ಹಿಟ್ಟು ಬಡಿದು ಅವಳು ಗೆಲ್ಲುವುದಾದರೆ ಗಾದಿ ಬಡಿದು ನಾನೇಕೆ ಗೆಲ್ಲಬಾರದು? ಮಧ್ಯಾಹ್ನ ನನ್ನ ಸೀರೆ ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ, ಕೂತ ಗಾದಿಯನ್ನೇ ಅಂಗೈಯಿಂದ ಬಡಿಯತೊಡಗಿದೆ. ಧೂಳೂ ಹೋಯಿತು, ನಡಿಗೆಯೂ ಏರಿತು. ಆ ಖುಷಿಯಲ್ಲಿರುವಾಗ ಸ್ನೇಹಾ ಸಪ್ಪೆ ಮೋರೆ ಹಾಕಿಕೊಂಡು ಮನೆಗೆ ಬಂದಳು.

"ಕಾಕಿ, ನೀವು ಕುಂತಾಗೂ ಯಂತ್ರ ನಡದಾರ ಅನ್ನಾಕತ್ತೈತ್ರಿ. ನಿಮ್ಮ ಲೆಕ್ಕ ಕೈಬಿಡು ಅಂದಾರ ನಮ್ಮ ಸರ್."

ಶಾರದಾಳ ಕಣ್ಣು ತುಂಬಿತು. ಮರುಕ್ಷಣವೇ ದನಿ ಏರಿತು. "ಈ ಮನ್ಯಾಗ ನಾ ಬಡದ ರೊಟ್ಟಿ ಇಷ್ಟ ವರ್ಷ ಯಾರೂ ಲೆಕ್ಕಕ್ಕ ಹಿಡದಿಲ್ಲ. ಈಗ ಹಿಡದಾರ, ಅದನ್ನೂ ತಗದ ಒಗೀತೀರೇನ? ತಪ್ಪ ಮಾಡಿದ್ದು ಯಂತ್ರ, ಹೊರಗ ಹಾಕೂದು ನನ್ನ? ರೊಟ್ಟಿ ಅಂದ್ರೇನಂತ ಅದಕ್ಕ ಗೊತ್ತಿಲ್ಲಂದ್ರ ಕಲಸ್ರಿ!"

ಕಲಿಸಿಯೇ ಕಲಿಸಿದರು. ಓಣಿಯ ಹೆಂಗಸರೆಲ್ಲ ಸರದಿಯ ಮೇಲೆ ಗಡಿಯಾರ ಕಟ್ಟಿಕೊಂಡು ನಮ್ಮ ಅಡುಗೆಮನೆಯಲ್ಲಿ ಬಡಿದರು. ಸ್ನೇಹಾ ಪಕ್ಕದಲ್ಲಿ ಕೂತು, ಇದು ರೊಟ್ಟಿ, ಇದು ನಡಿಗೆ ಎಂದು ಯಂತ್ರಕ್ಕೆ ಗುರುತು ಹಾಕಿಕೊಟ್ಟಳು. ನಾವು ಮೂರು ಹೊತ್ತೂ ರೊಟ್ಟಿ ತಿಂದೆವು. ಕೊನೆಗೊಂದು ದಿನ ಶಾರದಾ ಬಡಿಯುತ್ತಿದ್ದಂತೆ ಮೊಬೈಲಿನಲ್ಲಿ 'ರೊಟ್ಟಿ' ಎಂಬ ಪದ ಮೂಡಿದಾಗ ಓಣಿಗೆ ಓಣಿಯೇ ಕೇಕೆ ಹಾಕಿತು. ಅವಳ ಲೆಕ್ಕ ಉಳಿಯಿತು. ಹೆಮ್ಮೆಯಿಂದ ನನ್ನ ಎದೆಯೂ ಉಬ್ಬಿತ್ತು, ಖರೆ ಹೇಳುತ್ತೇನೆ.

ಅಷ್ಟರಲ್ಲಿ ಸ್ನೇಹಾ ನನ್ನ ಕಡೆ ತಿರುಗಿದಳು. ಕಲಿತ ಯಂತ್ರ ಎಲ್ಲರ ಹಳೆಯ ಲೆಕ್ಕವನ್ನೂ ಮತ್ತೆ ನೋಡಿತ್ತಂತೆ.

"ಕಾಕಾರ, ದಿನಾ ಮಧ್ಯಾಹ್ನ ಅಂಗಡ್ಯಾಗ ರೊಟ್ಟಿ ಬಡೀತಿದ್ರೇನ್ರಿ?"

ಹೆಂಗಸರು ಬಿದ್ದು ಬಿದ್ದು ನಕ್ಕರು. ಶಾರದಾ ಮಾತ್ರ ನಗಲಿಲ್ಲ. ಹಿಟ್ಟಿನ ಪರಾತವನ್ನು ನನ್ನ ಮುಂದೆ ಸರಿಸಿ, "ಬರತೈತಿ ಅಂತ ಮೊದಲ ಹೇಳಬಾರದೇನ್ರಿ?" ಎಂದಳು.

ಅಂದಿನಿಂದ ಭಾನುವಾರದ ರೊಟ್ಟಿ ನನ್ನ ಪಾಲು. ಅಂಚು ಹರಿಯುತ್ತದೆ, ನಡುವೆ ತೂತು ಬೀಳುತ್ತದೆ. ಗಾದಿ ಬಡಿದಾಗ ರೊಟ್ಟಿ ಎಂದ ಅದೇ ಯಂತ್ರ, ಈಗ ನಿಜವಾದ ಹಿಟ್ಟು ಬಡಿದರೆ 'ನಡಿಗೆ' ಎನ್ನುತ್ತದೆ. ಪಾಪ, ಇನ್ನೂ ಪೂರ್ತಿ ಕಲಿತಿಲ್ಲ ಎಂದೆ.

"ಛಲೋ ಕಲತೈತಿ ಬಿಡ್ರಿ," ಎಂದಳು ಶಾರದಾ, ಹಂಚಿನ ಮೇಲಿನ ನನ್ನ ರೊಟ್ಟಿಯನ್ನು ನೋಡುತ್ತ. "ಇದು ರೊಟ್ಟಿ ಅಲ್ಲ ಅಂತ ಅದಕ್ಕೂ ತಿಳದೈತಿ."