ಸೋದರಮಾವನ ಸಾಕೆಟ್ ಸೆಟ್

ಕಾರಿನ ಕೆಲಸಕ್ಕೆ, ಅಂದರೆ ಅದರ ನಟ್ಟು ಬೋಲ್ಟು ಬಿಚ್ಚಿ ಬಿಗಿಯಲಿಕ್ಕೆ, ಸಾಕೆಟ್ ಸೆಟ್ ಆರಿಸುವುದು ಹೇಗೆ ಎಂದು ಅಧಿಕಾರಯುತವಾಗಿ ಹೇಳಬಲ್ಲವರು ಪುತ್ತೂರು ತಾಲೂಕಿನಲ್ಲಿ ಯಾರಾದರೂ ಇದ್ದರೆ ಅದು ನಾನೇ ಎಂದು ನಂಬಿದ್ದ ಕಾಲವೊಂದಿತ್ತು. ವಾರಗಟ್ಟಲೆ ಮೊಬೈಲಿನಲ್ಲಿ ಅದರ ವಿಡಿಯೋಗಳನ್ನೇ ನೋಡಿದ್ದೆ. ಊಟಕ್ಕೆ ಕುಳಿತಾಗಲೂ ನೋಡುತ್ತಿದ್ದೆ. ಸಾರಿಗೂ ಮಜ್ಜಿಗೆಗೂ ವ್ಯತ್ಯಾಸ ತಿಳಿಯದ ಹಂತ ತಲುಪಿದ್ದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವನಿಗೆ ಆರು ಮೂಲೆಯ ಒಂದು ನಟ್ಟು ಸಮಸ್ಯೆಯೇ? ಖಂಡಿತ ಅಲ್ಲ!

ಪುತ್ತೂರು ಪೇಟೆಯ ಅಂಗಡಿಗೆ ಹೋದೆ. ಅಂಗಡಿಯವರು ಕನ್ನಡಕ ಮೇಲಕ್ಕೇರಿಸಿ, "ಎಂತ ಕೆಲಸಕ್ಕೆ ಮಾಷ್ಟ್ರೆ?" ಎಂದರು.

"ಕಾರಿನ ಕೆಲಸಕ್ಕೆ."

"ಕಾರಿನ ಎಂತ ಕೆಲಸ?"

ಈ ಎರಡನೆಯ ಪ್ರಶ್ನೆ ನನಗೆ ಹಿಡಿಸಲಿಲ್ಲ. "ಎಲ್ಲಾ ಕೆಲಸ!" ಎಂದೆ.

ಅವರು ಒಂದು ಸಣ್ಣ ಪೆಟ್ಟಿಗೆಯನ್ನು ಮುಂದಿಟ್ಟು, "ಮನೆಗೆ ಇದು ಧಾರಾಳ ಆಯ್ತು. ನಿಮ್ಮ ಕಾರಿಗೆ ಬೇಕಾದ ನಂಬ್ರ ಎಲ್ಲ ಉಂಟು. ಚಕ್ರದ ನಟ್ಟಿಗೆ ಬಲ ಹಾಕ್ಲಿಕ್ಕೆ ಉದ್ದದ ಹಿಡಿಯೂ ಉಂಟು" ಎಂದರು. ಅದು ನಮ್ಮ ಮನೆಯ ಒಗ್ಗರಣೆ ಡಬ್ಬಿಯಷ್ಟಿತ್ತು. ನನ್ನ ಕಣ್ಣು ಅಷ್ಟರಲ್ಲಾಗಲೇ ಮೇಲಿನ ಕಪಾಟಿನ ಕರಿ ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಇಳಿಸಿ ತೆರೆದರೆ, ಒಳಗೆ ನಟ್ಟಿನ ಮೇಲೆ ಕೂರಿಸಿ ತಿರುಗಿಸುವ, ಉಕ್ಕಿನ ಪುಟ್ಟ ಬಟ್ಟಲಿನಂಥ ಸಾಕೆಟ್ಟುಗಳು ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಹೊಳೆಯುತ್ತಿದ್ದವು. ಹಿಡಿಯನ್ನು ಕೈಯಲ್ಲಿ ತಿರುಗಿಸಿದೆ. ಕಿರ್ರ್ ಕಿರ್ರ್ ಎಂದಿತು. ಅಷ್ಟಕ್ಕೇ ನಾನು ಸೋತೆ.

"ಅದು ಗ್ಯಾರೇಜಿನವರು ತಗೊಳ್ಳುದು ಮಾಷ್ಟ್ರೆ."

"ಅದಕ್ಕೇ ನನಗೆ ಅದು ಬೇಕು" ಎಂದೆ.

ನರಿಮೊಗರಿನ ನಮ್ಮ ಮನೆಯ ಜಗಲಿಯಲ್ಲಿ ಪೆಟ್ಟಿಗೆಯನ್ನು ಇಳಿಸುವಾಗ ಸೊಂಟ ಹಿಡಿದುಕೊಂಡಿತು. ಹೆಂಡತಿ ಸುಮನಾ ಬಗ್ಗಿ ನೋಡಿದಳು. "ಇಷ್ಟರಲ್ಲಿ ನಮ್ಮ ಕಾರಿಗೆ ಆಗುದು ಎಷ್ಟುಂಟು?"

"ಎಲ್ಲವೂ ಆಗ್ತದೆ."

"ಕಾರಿನಲ್ಲಿ ಅಷ್ಟು ನಟ್ಟು ಉಂಟಾ?"

ಹೆಂಗಸರಿಗೆ ಯಂತ್ರಶಾಸ್ತ್ರ ವಿವರಿಸುವುದು ಕಷ್ಟ ಎಂದು ನಾನು ಪೆಟ್ಟಿಗೆ ಮುಚ್ಚಿದೆ. ಉತ್ತರ ಗೊತ್ತಿರಲಿಲ್ಲ ಎಂಬುದೂ ಒಂದು ಕಾರಣ. ಹೊಸದು ಬಂದ ಮೇಲೆ ಹಳೆಯದು ಯಾಕೆ ಎಂದು, ಕಾರಿನ ಜತೆಯಲ್ಲೇ ಬಂದಿದ್ದ, ಚಕ್ರದ ನಟ್ಟು ಬಿಚ್ಚುವ ವೀಲ್ ಸ್ಪ್ಯಾನರನ್ನು ಅಂದೇ ನೆರೆಮನೆಯ ಜನಾರ್ದನನಿಗೆ ದಾನ ಮಾಡಿದೆ. ಅವನು ಅದನ್ನು ಅಂಗಳದಲ್ಲಿ ಗೂಟದ ಹಾಗೆ ಹೊಡೆದು ಊರಿ ನಾಯಿ ಕಟ್ಟಿದ.

ಅಷ್ಟರಲ್ಲಿ ಆಯುಧಪೂಜೆ ಬಂತು. ಕತ್ತಿ, ಹಾರೆ, ಸುಮನಾಳ ಹೊಲಿಗೆ ಯಂತ್ರ ಎಲ್ಲಕ್ಕೂ ಗಂಧ ಹಚ್ಚುವಾಗ ನನ್ನ ಸೆಟ್ಟನ್ನು ಬಿಡುವುದು ಹೇಗೆ? ಆದರೆ ನಮ್ಮ ದೇವರ ಕೋಣೆಯಲ್ಲಿ ಪೆಟ್ಟಿಗೆ ಇಡುವಷ್ಟು ಜಾಗವಿರಲಿಲ್ಲ. ಆದ್ದರಿಂದ ಸಮಸ್ತ ಸಾಕೆಟ್ ವರ್ಗದ ಪ್ರತಿನಿಧಿಯಾಗಿ ಒಂದನ್ನು ಆರಿಸಿದೆ. ಆರಿಸುವುದರಲ್ಲಿ ನಾನು ಪಳಗಿದವನಲ್ಲವೇ? ಕಾರಿಗೆ ಮುಖ್ಯ ಚಕ್ರ, ಚಕ್ರಕ್ಕೆ ಮುಖ್ಯ ನಟ್ಟು, ನಟ್ಟಿಗೆ ಸರಿಹೊಂದುವುದು ಹತ್ತೊಂಬತ್ತನೇ ನಂಬರಿನ ಸಾಕೆಟ್ಟು. ಅದನ್ನೇ ದೇವರ ಮುಂದಿಟ್ಟು ಕೈಮುಗಿದೆ.

ದೀಪಾವಳಿ ಕಳೆದು ಮದುವೆಗಳು ಶುರುವಾದವು. ನನ್ನ ತಂಗಿ ಪ್ರೇಮಾಳ ಮಗಳು ಶ್ರಾವ್ಯಾಳ ಮದುವೆ ಸುಬ್ರಹ್ಮಣ್ಯದಲ್ಲಿ, ಹನ್ನೊಂದು ಗಂಟೆಯ ಮುಹೂರ್ತಕ್ಕೆ ನಿಶ್ಚಯವಾಯಿತು. ನಮ್ಮಲ್ಲಿ ಮದುಮಗಳನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಶ್ರಾವ್ಯಾಳಿಗೆ ಇರುವುದು ನಾನೊಬ್ಬನೇ ಮಾವ. ಮಗ್ಗಿ ತಪ್ಪಿದಾಗ ನನ್ನಿಂದ ಬೈಸಿಕೊಂಡು, ಬೈದ ನನ್ನದೇ ಹೆಗಲ ಮೇಲೆ ಅತ್ತ ಹುಡುಗಿ ಅವಳು. ಆ ಕೈ ಹಿಡಿದು ನಡೆಸುವ ದಿನಕ್ಕಾಗಿ ನಾನು ಅವಳಿಗಿಂತ ಹೆಚ್ಚು ಕಾದಿದ್ದೆ.

"ಅಣ್ಣ, ಮದುವೆ ವ್ಯಾನಿನಲ್ಲೇ ಬಾ" ಎಂದು ಪ್ರೇಮಾ ಹೇಳಿದಳು.

"ಸೋದರಮಾವ ವ್ಯಾನಿನಲ್ಲಿ ನೇತಾಡಿಕೊಂಡು ಬರುದಾ? ನನ್ನ ಕಾರು ಉಂಟು. ದಾರಿಯಲ್ಲಿ ಏನಾದ್ರೆ ಸಾಕೆಟ್ ಸೆಟ್ಟೂ ಉಂಟು!"

ಮದುವೆಯ ಬೆಳಿಗ್ಗೆ ಹೊರಟು ಪಂಜ ಪೇಟೆ ದಾಟಿ ಸ್ವಲ್ಪ ದೂರ ಹೋದದ್ದೇ ತಡ, ಏನೋ ಆಯಿತು. ಹಿಂದಿನ ಚಕ್ರ ಪೂರ್ತಿ ನೆಲಕಚ್ಚಿತ್ತು. ರಸ್ತೆಯ ಎರಡೂ ಕಡೆ ಕಾಡು. ಸುಮನಾ ಗಾಬರಿಯಾದಳು. ನಾನಂತೂ ನಿಜ ಹೇಳಬೇಕೆಂದರೆ ಒಳಗೊಳಗೇ ಖುಷಿಪಟ್ಟೆ. ಎಷ್ಟು ದಿನದಿಂದ ಕಾದದ್ದು ಇದಕ್ಕೇ! ಪಂಚೆ ಎತ್ತಿ ಕಟ್ಟಿ, ಜರಿ ಶಾಲನ್ನು ಸೀಟಿನ ಮೇಲಿಟ್ಟು, ಡಿಕ್ಕಿಯಿಂದ ಸ್ಟೆಪ್ನಿಯನ್ನೂ ಪೆಟ್ಟಿಗೆಯನ್ನೂ ಇಳಿಸಿದೆ. ಜಾಕ್ ಕೊಟ್ಟು ಕಾರು ಎತ್ತಿದೆ. ನಂತರ ಗಂಭೀರವಾಗಿ ಪೆಟ್ಟಿಗೆ ತೆರೆದೆ.

ಸಾಲಿನ ನಡುವೆ ಒಂದು ಗುಳಿ ಖಾಲಿ ಇತ್ತು.

ಸೀಟಿನ ಅಡಿ ನೋಡಿದೆ. ಡಿಕ್ಕಿ ಕೊಡವಿದೆ.

"ಎಂತ ಹುಡುಕುದು?" ಎಂದಳು ಸುಮನಾ.

"ಹತ್ತೊಂಬತ್ತು. ಚಕ್ರದ್ದು."

"ಅದು ದೇವರ ಕೋಣೆಯಲ್ಲಿ ಉಂಟಲ್ಲ! ನಾನು ದಿನಾ ನೋಡ್ತೇನೆ."

"ದಿನಾ ನೋಡುವವಳಿಗೆ ಒಂದು ಮಾತು ಹೇಳ್ಲಿಕ್ಕೆ ಆಗುದಿಲ್ವಾ?"

"ದೇವರ ಎದುರು ಇಟ್ಟದ್ದು ನೀವು. ಏನೋ ಹರಕೆ ಇರಬೇಕು ಅಂತ ಸುಮ್ಮನಿದ್ದೆ."

ಆಗಲೇ ಪ್ರೇಮಾಳ ಫೋನು. "ಅಣ್ಣ, ಎಲ್ಲಿವರೆಗೆ ಬಂದೆ? ಶ್ರಾವ್ಯಾ ಕೇಳ್ತಾ ಇದ್ದಾಳೆ." "ಬಂದೇ ಬಿಟ್ಟೆ" ಎಂದೆ. ಹಾಗೆ ಹೇಳಿ ಮತ್ತೆ ಪೆಟ್ಟಿಗೆಯ ಮೇಲೆ ಬಗ್ಗಿದೆ.

ಹತ್ತೊಂಬತ್ತು ಇಲ್ಲದಿದ್ದರೇನು, ಇಪ್ಪತ್ತೊಂದಿದೆ. ಎರಡು ಮಿಲಿಮೀಟರ್ ಒಂದು ವ್ಯತ್ಯಾಸವೇ? ಉತ್ತರಪತ್ರಿಕೆಯಲ್ಲಿ ಮಕ್ಕಳು ಅಷ್ಟು ತಪ್ಪಿದರೆ ಸೊನ್ನೆ ಹಾಕುವ ನಾನು ಇಲ್ಲಿ ಧಾರಾಳಿಯಾದೆ. ಸಾಕೆಟ್ಟು ನಟ್ಟಿನ ಮೇಲೆ ಸಡಿಲವಾಗಿ ಕುಳಿತಿತು. ತಿರುಗಿಸಿದರೆ ನಟ್ಟಿನ ಜತೆ ಇಡೀ ಚಕ್ರವೇ ತಿರುಗಿತು.

"ಮೊದಲು ಕಾರು ಇಳಿಸಿ, ಚಕ್ರ ನೆಲಕ್ಕೆ ತಾಗ್ಲಿ. ನನ್ನ ತಮ್ಮ ಹಾಗೆ ಮಾಡುದು ನೋಡಿದ್ದೇನೆ" ಎಂದಳು ಸುಮನಾ. ಇಳಿಸಿದೆ. ಸಡಿಲ ಹೋಗಲಾಡಿಸಲು ಮದುವೆಯ ಕರೆಯೋಲೆಯನ್ನೇ ಮಡಚಿ ಸಾಕೆಟ್ಟಿನೊಳಗೆ ತುರುಕಿದೆ. ಹಿಡಿಯ ಮೇಲೆ ಕಾಲಿಟ್ಟು, ನನ್ನ ಸಕಲ ಭಾರವನ್ನೂ ಹಾಕಿ ತುಳಿದೆ. ಕಟಕ್ ಎಂದಿತು. ನಟ್ಟು ಬಿಚ್ಚಿತೆಂದು ಸಂಭ್ರಮದಿಂದ ಬಗ್ಗಿದೆ. ನಟ್ಟು ಇದ್ದಲ್ಲೇ ಇತ್ತು. ಅದರ ಆರು ಮೂಲೆಗಳು ಮಾತ್ರ ಸವೆದು, ರೇಖಾಗಣಿತದಲ್ಲಿ ವೃತ್ತ ಎನ್ನುತ್ತೇವಲ್ಲ, ಆ ಆಕಾರಕ್ಕೆ ಬಂದಿದ್ದವು.

ಯಾತ್ರಿಕರ ಬಸ್ಸೊಂದು ಹಾರ್ನ್ ಹೊಡೆದು ಹೋಯಿತು. ಕೈ ಬೀಸಿದೆ, ಕಿಟಕಿಯಲ್ಲಿದ್ದವರು ಪ್ರೀತಿಯಿಂದ ತಿರುಗಿ ಕೈ ಬೀಸಿದರು! ಗಡಿಯಾರ ನೋಡಲು ಧೈರ್ಯವಾಗದೆ ಸುಮನಾಳ ಮುಖ ನೋಡಿದೆ. ಅಲ್ಲಿ ಸಮಯ ಸ್ಪಷ್ಟವಾಗಿ ಕಾಣುತ್ತಿತ್ತು.

ಕೊನೆಗೆ ಬಾಳೆಲೆ ತುಂಬಿದ ಪಿಕಪ್ ಒಂದು ನಿಂತಿತು. ಚಾಲಕ ಇಳಿದು ತನ್ನ ವೀಲ್ ಸ್ಪ್ಯಾನರ್ ತಂದ. ಮೂರು ನಟ್ಟು ಸಡಿಲವಾದವು. ನಾಲ್ಕನೆಯದರ ಮುಂದೆ ಅವನು ಕುಕ್ಕರುಗಾಲಲ್ಲಿ ಕುಳಿತೇಬಿಟ್ಟ.

"ಇದಕ್ಕೆ ಎಂತ ಮಾಡಿದ್ದು ಮಾರಾಯ್ರೆ?"

"ಸ್ವಲ್ಪ ಪ್ರಯತ್ನ ಮಾಡಿದೆ."

"ಇದಿನ್ನು ಬರುದಿಲ್ಲ. ಮದುವೆಗಾ? ಹಾಗಾದ್ರೆ ಹತ್ತಿ, ಬೇಗ!"

ಸಡಿಲವಾದ ನಟ್ಟುಗಳನ್ನು ಬಿಗಿದು ಕಾರಿಗೆ ಬೀಗ ಹಾಕಿದೆ. ಮುಂದಿನ ಸೀಟಿನಲ್ಲಿ ಸುಮನಾ ಕುಳಿತಳು. ನಾನು ಹಿಂದೆ, ಬಾಳೆಲೆಯ ಕಟ್ಟುಗಳ ಮೇಲೆ. ಪೆಟ್ಟಿಗೆಯನ್ನು ಕಾಡಿನಲ್ಲಿ ಬಿಟ್ಟುಬರಲು ಮನಸ್ಸಾಗದೆ ಅದನ್ನೂ ಎತ್ತಿಕೊಂಡೆ. ಸುಬ್ರಹ್ಮಣ್ಯದವರೆಗೆ ಒಂದೊಂದು ತಿರುವಿನಲ್ಲೂ ಅದು ಜಾರಿ ಬಂದು ನನ್ನ ಮೊಣಕಾಲಿಗೆ ಗುದ್ದಿತು. ಗುದ್ದಲಿ ಎಂದು ಬಿಟ್ಟೆ. ಶ್ರಾವ್ಯಾ ಬಾಗಿಲತ್ತ ನೋಡುತ್ತಾ ನಿಂತಿರಬಹುದೆಂದು ನೆನೆದಾಗಲೆಲ್ಲ ಚಾಲಕನ ಬೆನ್ನ ಹಿಂದಿನ ತಗಡನ್ನು ತಟ್ಟಿ ಅವಸರಪಡಿಸಿದೆ.

ಕಲ್ಯಾಣಮಂಟಪದ ಮೆಟ್ಟಿಲು ಹತ್ತುವಾಗ ವಾದ್ಯದವರು ಜೋರು ಹಿಡಿದಿದ್ದರು. ಒಳಗೆ ಪುರೋಹಿತರು, "ಮುಹೂರ್ತಕ್ಕೆ ಆಯ್ತು. ಸೋದರಮಾವ ಯಾರು? ಬೇಗ ಕರ್ಕೊಂಡು ಬನ್ನಿ!" ಎನ್ನುತ್ತಿದ್ದರು. ಪ್ರೇಮಾಳ ಗಂಡನ ಕಡೆಯ ದೂರದ ಸಂಬಂಧಿಯೊಬ್ಬರು ಆಗಲೇ ಶಾಲು ಹೊದ್ದು, ಗಂಟಲು ಸರಿಮಾಡಿಕೊಂಡು, ಶ್ರಾವ್ಯಾಳ ಕಡೆಗೆ ಕೈ ಚಾಚಿದ್ದರು.

"ನಿಲ್ಲಿ!" ಎಂದು ಕೂಗಿದೆ. ನಿಂತದ್ದು ವಾದ್ಯ.

ಇಡೀ ಸಭೆ ತಿರುಗಿ ನೋಡಿತು. ಎತ್ತಿ ಕಟ್ಟಿದ ಪಂಚೆ, ತಲೆಯಲ್ಲಿ ಬಾಳೆಲೆಯ ಚೂರು, ಬಗಲಲ್ಲಿ ಕರಿ ಪೆಟ್ಟಿಗೆ. ಶಾಲು ಕಾರಿನಲ್ಲೇ ಉಳಿದಿತ್ತು! ಪೆಟ್ಟಿಗೆ ಕೆಳಗಿಟ್ಟು ಶ್ರಾವ್ಯಾಳತ್ತ ಕೈ ಚಾಚಿದೆ. ಆಗಲೇ ನನಗೂ ಕಂಡದ್ದು: ಎರಡೂ ಕೈ ಮೊಣಕೈವರೆಗೆ ಗ್ರೀಸು, ಮಸಿ. ಅವಳುಟ್ಟದ್ದು ಹಾಲಿನ ಬಣ್ಣದ ಧಾರೆ ಸೀರೆ.

ಚಾಚಿದ ಕೈಯನ್ನು ಹಿಂದೆ ತೆಗೆದೆ. ನಾಚಿಕೆಯಿಂದ ಕಣ್ಣು ತುಂಬಿತು. "ಅವರೇ ಕರ್ಕೊಂಡು ಹೋಗ್ಲಿ ಮಗಾ" ಎಂದೆ.

"ಎಂತದೂ ಬೇಡ. ನೀವು ನನ್ನನ್ನು ಹಿಡಿಯುದು ಬೇಡ ಮಾವ, ನಾನೇ ನಿಮ್ಮನ್ನು ಹಿಡ್ಕೊಳ್ತೇನೆ" ಎಂದಳು ಶ್ರಾವ್ಯಾ. ಅವಳೇ ನನ್ನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಎಳೆದುಕೊಂಡು ಮಂಟಪಕ್ಕೆ ನಡೆದಳು. ಮುಹೂರ್ತ ತಪ್ಪಲಿಲ್ಲ. ಆಲ್ಬಮ್ಮಿನಲ್ಲಿ ಆ ಫೋಟೋ ಇದೆ. ಕದ್ದು ಸಿಕ್ಕಿಬಿದ್ದವನನ್ನು ಮದುಮಗಳೇ ಠಾಣೆಗೆ ಒಪ್ಪಿಸಲು ಹೊರಟಂತೆ ಕಾಣುತ್ತದೆ.

ಕಾರನ್ನು ಮರುದಿನ ಗ್ಯಾರೇಜಿನವರು ತಂದರು. ನಾನು ಸ್ನಾನ ಮಾಡಿ, ಹತ್ತೊಂಬತ್ತನ್ನು ಅದರ ಗುಳಿಗೆ ಸೇರಿಸೋಣವೆಂದು ದೇವರ ಕೋಣೆಗೆ ಹೋದೆ. ಅದು ದೀಪದ ಪಕ್ಕದಲ್ಲಿ ಸುಖವಾಗಿತ್ತು. ಒಳಗೆ ತುಂಬ ಅಕ್ಕಿ. ಅಕ್ಕಿಯಲ್ಲಿ ನೆಟ್ಟಗೆ ನಿಂತ ಎರಡು ಊದುಬತ್ತಿಗಳು ಹೊಗೆಯಾಡುತ್ತಿದ್ದವು.

ಕೈ ಹಾಕುವಷ್ಟರಲ್ಲಿ ಸುಮನಾ ಹಿಂದಿನಿಂದ ಹೇಳಿದಳು: "ಅದನ್ನು ಮುಟ್ಬೇಡಿ. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ."

ನಾನು ಕೈಮುಗಿದು ಹೊರಗೆ ಬಂದೆ. ಜನಾರ್ದನನ ಮನೆಗೆ ಹೋಗಿ, ನನ್ನ ಹಳೆಯ ವೀಲ್ ಸ್ಪ್ಯಾನರಿಗೆ ಕಟ್ಟಿದ್ದ ಅವನ ನಾಯಿ ಸ್ವಲ್ಪ ಆಚೆ ಸರಿಯುವುದನ್ನೇ ಕಾಯುತ್ತಾ ಅಂಗಳದ ಬದಿಯಲ್ಲಿ ನಿಂತೆ.