ಹೆಸರು ಆಮೇಲೆ ತಿಳಿಸಲಾಗುವ ಆಟಗಾರನ ವಿಷಯವಾಗಿ

ಐಯೋವಾ ರಾಜ್ಯದ ಹಾರ್ಲನ್ ಫೆರಿ ಊರಿನ ಹೆರನ್ಸ್ ಬೇಸ್‌ಬಾಲ್ ತಂಡದ ಪ್ರಧಾನ ವ್ಯವಸ್ಥಾಪಕರೂ, ಅದರ ಆಧುನಿಕ ಪಿಚಿಂಗ್ ಪ್ರಯೋಗಾಲಯದ ಸ್ಥಾಪಕರೂ, ಎಂಥ ಸೋಲನ್ನಾದರೂ ನಗುಮುಖದಿಂದ ವಿವರಿಸಬಲ್ಲ ಮಹನೀಯರೂ ಆದ ಶ್ರೀ ಗ್ಯಾರಿಸನ್ ಪ್ಲಂಬ್ ಅವರಿಗೆ ಗರಗಸದ ಗಿರಣಿ ಬೀದಿಯ ಮಾರ್ಲಿಸ್ ಓಸ್ಟರ್‌ಹೌಸ್ ಮಾಡುವ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಿನ್ನೆಯ ಪಂದ್ಯವಾದ ಮೇಲೂ ತಾವು ಹೊಟ್ಟೆತುಂಬ ಊಟ ಮಾಡಿದಿರೆಂದು ಹೋಟೆಲಿನಲ್ಲಿ ಬಡಿಸುವ ನನ್ನ ಗೆಳತಿಯಿಂದ ತಿಳಿದು ನಮ್ಮ ಮನೆಯವರಿಗೆಲ್ಲ ಸಮಾಧಾನವಾಯಿತು. ಎಂಟನೆಯ ಇನಿಂಗ್ಸ್‌ವರೆಗೆ ಗೆಲ್ಲುತ್ತಿದ್ದ ತಂಡವನ್ನು ಕೊನೆಯಲ್ಲಿ ಚೆಂಡೆಸೆಯಲು ಬಂದ ಬದಲಿ ಪಿಚರ್‌ಗಳು ಎಷ್ಟು ಶ್ರದ್ಧೆಯಿಂದ ಸೋಲಿಸಿದರೆಂದರೆ, ನಮ್ಮ ಊರಿನ ಅತಿಥಿಸತ್ಕಾರದ ಹೆಸರು ನದಿಯಾಚೆಯ ಇಲಿನಾಯ್‌ಗೂ ಹಬ್ಬಿರಬೇಕು. ಬಂದ ತಂಡವನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಸಂಸ್ಕಾರ ಇಂದಿನ ಯುವಕರಲ್ಲಿ ಉಳಿದಿದೆಯೆಂದರೆ ಅದು ತಮ್ಮ ಬದಲಿ ಪಿಚರ್‌ಗಳಲ್ಲಿ ಮಾತ್ರ. ಚೆಂಡನ್ನು ಎಟುಕದಷ್ಟು ದೂರ ಎಸೆದೆಸೆದು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ಮೊದಲ ಬೇಸ್ ಎಂಬ ಓಟದ ನಿಲ್ದಾಣಕ್ಕೆ ಪುಕ್ಕಟೆಯಾಗಿ ನಡೆಸಿಕೊಂಡು ಹೋಗುವ ಅವರ ಸೌಜನ್ಯವನ್ನು ನೋಡುತ್ತ ನನ್ನ ಗಂಡ ಗಾರ್ಡಿ ಕಡಲೆಕಾಯಿಯ ಚೀಲವನ್ನೇ ನೆಲಕ್ಕೆ ಬಡಿದರು.

ನನ್ನ ಪರಿಚಯ ತಮಗೆ ಇರಲಾರದು. ನಮ್ಮದು ಸಣ್ಣ ಲೀಗು; ಬೇಸಿಗೆಯಲ್ಲಿ ಆಡಲು ಬರುವ ಆಟಗಾರರನ್ನು ಊರಿನವರೇ ತಂತಮ್ಮ ಮನೆಗಳಲ್ಲಿ ಇರಿಸಿಕೊಂಡು ಸಾಕುವ ಪದ್ಧತಿ ಇರುವುದು ತಮಗೆ ಗೊತ್ತು, ಏಕೆಂದರೆ ಅದರಿಂದ ತಮಗೆ ಉಳಿತಾಯವಾಗುತ್ತದೆ. ನಮ್ಮ ನೆಲಮಾಳಿಗೆಯ ಕೋಣೆಗೆ ಈ ವರ್ಷ ತಾವು ಕಳಿಸಿದ್ದು ಲೂಯಿಸಿಯಾನಾದ ಡ್ವೇನ್ ಪೆಟ್ಟಿಗ್ರೂ ಎಂಬ ಪಿಚರನನ್ನು. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ಅವನು ಎಸೆದ ಚೆಂಡು ಕಣ್ಣಿಗೆ ಕಾಣದಷ್ಟು ವೇಗವಾಗಿ ಹೋಗುತ್ತಿತ್ತು, ಆದರೆ ಎಲ್ಲಿಗೆ ಹೋಗುತ್ತದೆಂದು ಅವನಿಗೂ ತಿಳಿದಿರುತ್ತಿರಲಿಲ್ಲ. ಮೇ ತಿಂಗಳಲ್ಲಿ ಅವನು ಸಾಸಿವೆ ಗೊಜ್ಜು ಮಾರುವವನ ಕೊಡೆಯನ್ನೂ, ತಂಡದ ಹೆಸರಿಗೆ ತಕ್ಕಂತೆ ಕೊಕ್ಕರೆಯ ವೇಷ ಹಾಕಿ ಕುಣಿಯುತ್ತಿದ್ದ ಪಾದ್ರಿಯವರ ಮಗನನ್ನೂ ಹೊಡೆದುರುಳಿಸಿದ್ದು ತಮಗೆ ನೆನಪಿರಬಹುದು.

ನಮ್ಮ ಜೊತೆ ನನ್ನ ಅಪ್ಪ ವರ್ಲಿನ್ ಇದ್ದಾರೆ. ಹರೆಯದಲ್ಲಿ ಡಬ್ಬಿ ಕಾರ್ಖಾನೆಯ ತಂಡದಲ್ಲಿ ಪಿಚರ್ ಎಸೆದ ಚೆಂಡು ಹಿಡಿಯುವ ಕ್ಯಾಚರ್ ಆಗಿದ್ದವರು; ಈಗ ಅವರ ಬೆರಳುಗಳು ಶುಂಠಿಯ ಗಂಟಿನಂತೆ ಆಗಿವೆ. ಡ್ವೇನ್ ಬಂದ ಮರುದಿನ ಬೆಳಿಗ್ಗೆಯೇ ಅಪ್ಪ ಹಳೆಯ ಕೈಗವಸು ಹಾಕಿಕೊಂಡು, ಹಿತ್ತಲಲ್ಲಿ ಗ್ಯಾರೇಜಿನ ಮುಂದೆ ಬಕೆಟ್ ಬೋರಲು ಹಾಕಿ ಕೂತು, "ಬಾರಯ್ಯಾ, ನಿನ್ನ ಕೈ ಹೆಂಗಿದೆ ನೋಡೋಣ. ಮುದುಕ ಅಂತ ಮೆತ್ತಗೆ ಎಸ್ದೋ, ಮಧ್ಯಾಹ್ನದ ಊಟ ಇಲ್ಲ ನಿಂಗೆ" ಎಂದರು. ಊಟ ಬಿಡುವ ಮನುಷ್ಯನಲ್ಲ ಡ್ವೇನ್. ಆದರೆ ಆ ಬೆರಳುಗಳ ಮೇಲೆ ತನ್ನ ನಿಜವಾದ ಚೆಂಡು ಎಸೆಯಲು ಅವನಿಗೆ ಮನಸ್ಸೂ ಬರಲಿಲ್ಲ. ಹಾಗಾಗಿ ಹಲ್ಲು ಕಚ್ಚಿ, ಮುಖ ಕೆಂಪಗೆ ಮಾಡಿಕೊಂಡು, ತೋಳನ್ನು ಪೂರ್ತಿ ಬೀಸಿ, ಚೆಂಡನ್ನು ಮಾತ್ರ ಅಂಗೈಯ ಆಳದಲ್ಲಿ ಹುದುಗಿಸಿಕೊಂಡು ಬಿಡುತ್ತಿದ್ದ. ನೋಡಿದವರಿಗೆ ಗೋಡೆ ಒಡೆಯುವ ಎಸೆತ. ಚೆಂಡು ಮಾತ್ರ ಊಟವಾದ ಮೇಲೆ ಅಡ್ಡಾಡಲು ಹೊರಟಂತೆ ಬಂದು ಅಪ್ಪನ ಕೈಗವಸಿನಲ್ಲಿ ಕೂರುತ್ತಿತ್ತು. "ಇಷ್ಟೇನಾ ನಿನ್ನ ಜೋರು?" ಎಂದು ಅಪ್ಪ ಮೂದಲಿಸಿದರೆ, "ಇರೋ ಜೋರೆಲ್ಲಾ ಹಾಕ್ತಿದೀನಿ ತಾತ, ನೀವು ಭಾರಿ ಗಟ್ಟಿ" ಎನ್ನುತ್ತಿದ್ದ. ದಿನವೂ ಬೆಳಿಗ್ಗೆ ಈ ಸುಳ್ಳು ನಮ್ಮ ಹಿತ್ತಲಲ್ಲಿ ತಪ್ಪದೆ ನಡೆಯಿತು.

ಜೂನ್ ತಿಂಗಳ ಒಂದು ಸಂಜೆ ಮೂರು ಬೇಸುಗಳಲ್ಲೂ ಎದುರಾಳಿಗಳು ಒಂದೇ ಹೊಡೆತಕ್ಕೆ ಓಡಿ ಅಂಕ ಗಳಿಸಲು ಕಾದು ನಿಂತಿದ್ದರು. ಡ್ವೇನನನ್ನು ಹೊರಗೆ ಕರೆಯಲು ಕೋಚ್ ತಂಡ ಕೂರುವ ತಗ್ಗಿನಿಂದ ಮೆಟ್ಟಿಲು ಹತ್ತುತ್ತಿದ್ದಾಗ, ಕ್ಯಾಚರನ ಹಿಂದಿನ ಸಾಲಿನಲ್ಲಿ ಕೂತಿದ್ದ ಅಪ್ಪ ಕೈ ಎತ್ತಿದರು. ಅವರು ಎತ್ತಿದ್ದು ಬೆನ್ನು ತುರಿಸಿಕೊಳ್ಳಲು. ಡ್ವೇನ್ ಆಮೇಲೆ ಹೇಳಿದ, "ತಾತ ಕಾಣ್ಸಿಬಿಟ್ರು ಆಂಟಿ, ಹಿತ್ತಲಲ್ಲೇ ಇದೀನೇನೋ ಅಂತ ಎಸ್ದ್‌ಬಿಟ್ಟೆ." ಬ್ಯಾಟ್ಸ್‌ಮನ್ ಬ್ಯಾಟು ಬೀಸಿ, ಒಂದು ಸುತ್ತು ತಿರುಗಿ, ನೆಲದ ಮೇಲೆ ಕೂತ ನಂತರ ಚೆಂಡು ಬಂದು ತಲುಪಿತು. ಆ ದಿನದಿಂದ ಅವನನ್ನು ಹೊಡೆಯುವವರೇ ಇಲ್ಲವಾದರು. ಇದು ತಮ್ಮ ಪ್ರಯೋಗಾಲಯದ ಕ್ಯಾಮೆರಾಗಳ ಫಲವೆಂದು ತಾವು ಪತ್ರಿಕೆಗೆ ತಿಳಿಸಿದಿರಿ. ಅಪ್ಪ ಅದನ್ನು ಎರಡು ಸಲ ಓದಿಸಿ ಕೇಳಿ, ಹಿತ್ತಲಲ್ಲಿ ದಿನವೂ ಆ ಎಸೆತಗಳನ್ನು ನೋಡಿದ್ದ ಟೊಮೆಟೊ ಗಿಡಗಳ ಕಡೆ ತಿರುಗಿ, "ಕೇಳಿದ್ರೇನ್ರಮ್ಮಾ, ಪೇಪರ್‌ನಲ್ಲಿ ಬಂದ್ರಿ" ಎಂದರು.

ಇಷ್ಟಾದ ಮೇಲೆ, ತಂಡಕ್ಕೆ ಪಿಚರ್‌ಗಳ ಕೊರತೆ ಎಂದು ಊರೆಲ್ಲ ಗೊಣಗುತ್ತಿರುವಾಗ, ಇದ್ದೊಬ್ಬ ಪಿಚರನನ್ನು ಜುಲೈ ಮಧ್ಯದಲ್ಲಿ ಡನ್‌ಮೋರ್ ಆಕ್ಸೆನ್ ತಂಡಕ್ಕೆ ಕೊಟ್ಟು ಆ ಕೊರತೆಯನ್ನು ತಾವು ಪರಿಪೂರ್ಣಗೊಳಿಸಿದಿರಿ. ಅರ್ಧಂಬರ್ಧ ಕೆಲಸ ತಮಗೆ ಹಿಡಿಸುವುದಿಲ್ಲವೆಂದು ಅಂದೇ ತಿಳಿಯಿತು. ಬದಲಿಗೆ ತಾವು ಪಡೆದದ್ದು "ಹೆಸರನ್ನು ಆಮೇಲೆ ತಿಳಿಸಲಾಗುವ ಆಟಗಾರ"ನನ್ನು. ಈ ಆಟದಲ್ಲಿ ಅದು ಹಳೆಯ ಪದ್ಧತಿಯೇ. ಮೊದಲು ನಮ್ಮವನನ್ನು ಕೊಟ್ಟುಬಿಡುವುದು, ಯಾರನ್ನು ಪಡೆದೆವೆಂದು ನಿಧಾನವಾಗಿ ಯೋಚಿಸುವುದು. ಫೋನ್ ಬಂದಾಗ ನಾವು ಬೇಯಿಸಿದ ಜೋಳ ತಿನ್ನುತ್ತಿದ್ದೆವು. ಡ್ವೇನ್ ಬೆಣ್ಣೆಯ ಕೈಯಲ್ಲೇ ಫೋನ್ ಹಿಡಿದು ಕೇಳಿ, "ಡನ್‌ಮೋರ್‌ಗೆ ಕೊಟ್ರಂತೆ ನನ್ನ. ಈಗ್ಲೇ ಹೊರಡಬೇಕಂತೆ" ಎಂದ.

"ಯಾರ ಬದ್ಲಿಗೆ?" ಎಂದು ಗಾರ್ಡಿ ಕೇಳಿದರು.

"ಹೆಸರು ಆಮೇಲೆ ಹೇಳ್ತಾರಂತೆ."

"ಹೆಸರೇ ಇಲ್ದೋನಿಗೆ ನಿನ್ನ ಕೊಟ್ರೇನೋ!" ಎಂದ ಗಾರ್ಡಿ ಮುಂದೆ ಹೇಳಿದ್ದನ್ನು ನಾನು ತಮಗೆ ಬರೆಯಲಾರೆ, ಈ ಪತ್ರವನ್ನು ಪಾದ್ರಿಯವರೂ ಓದಬಹುದು.

ಅಪ್ಪ ಎದ್ದು ಹಿತ್ತಲಿಗೆ ಹೋಗಿ ಬಕೆಟ್ ಮೇಲೆ ಕೂತರು. ಡ್ವೇನ್ ಚೀಲ ಕಾರಿಗೆ ಹಾಕಿ ಹೇಳಿಹೋಗಲು ಬಂದಾಗ ಕೈಗವಸು ಎತ್ತಿ ಹಿಡಿದು, "ಒಂದೇ ಒಂದು. ಈ ಸಲ ನಿಜವಾದ್ದು ಎಸಿ" ಎಂದರು. ಅವನು "ಗೊತ್ತಿತ್ತಾ ತಾತ?" ಎಂದ. "ನಾನೇನು ಕ್ಯಾಚರ್ರೋ, ಕಂಬಾನೋ? ಎಸಿ" ಎಂದರು ಅಪ್ಪ. ಅವನು ನಿಜವಾದ್ದನ್ನೇ ಎಸೆದ, ಅದು ತನ್ನ ಮೊದಲಿನ ಸ್ವಭಾವದಂತೆ ಅಪ್ಪನಿಂದ ಬಹುದೂರ ಹೋಗಿ ಗ್ಯಾರೇಜಿನ ಕಿಟಕಿಯ ಗಾಜನ್ನು ಪುಡಿಮಾಡಿತು. ಇಬ್ಬರೂ ನಕ್ಕರು, ಆಮೇಲೆ ಇಬ್ಬರೂ ನಗಲಿಲ್ಲ. ಆ ಗಾಜನ್ನು ಹಾಕಿಸಲು ಅಪ್ಪ ಇಂದಿಗೂ ಬಿಟ್ಟಿಲ್ಲ.

ಈಗ ಕ್ಯಾಚರನನ್ನೂ ಕೊಟ್ಟು ಇನ್ನಷ್ಟು ಬದಲಿ ಪಿಚರ್‌ಗಳನ್ನು ತರುವ ಆಲೋಚನೆ ತಮಗಿದೆಯೆಂದು ಊರಲ್ಲಿ ಮಾತು. ತಮ್ಮಿಂದ ಕಲಿತ ವಿದ್ಯೆಯಿಂದ ನಾನೂ ಒಂದು ವಿನಿಮಯವನ್ನು ಮುಂದಿಡುತ್ತೇನೆ. ಗಾರ್ಡಿಯ ತಮ್ಮ ಲೈಲ್‌ನನ್ನು ತೆಗೆದುಕೊಳ್ಳಿ; ಬಿಯರ್ ಕ್ಯಾನುಗಳನ್ನು ನಮ್ಮ ವರಾಂಡದಿಂದ ಕಸದ ಡಬ್ಬಿಗೆ ಎಸೆದು ಒಂದೂ ಒಳಗೆ ಬೀಳಿಸಿದವನಲ್ಲ, ಹಾಗಾಗಿ ತಮ್ಮ ಬದಲಿ ಪಿಚರ್‌ಗಳ ನಡುವೆ ಪರಕೀಯನೆನಿಸಲಾರ. ಜೊತೆಗೆ ತನಗೆ ಮನಸ್ಸು ಬಂದಾಗ ಮಾತ್ರ ಹೊರಡುವ ನಮ್ಮ ಹುಲ್ಲು ಕತ್ತರಿಸುವ ಯಂತ್ರವನ್ನೂ, ಹೆಸರನ್ನು ಆಮೇಲೆ ತಿಳಿಸಲಾಗುವ ಒಬ್ಬ ನೆಂಟನನ್ನೂ ಕೊಡುತ್ತೇನೆ.

ಪ್ರತಿಯಾಗಿ ನಾನು ಬೇಡುವುದು ಒಂದೇ. ಆ ಒಪ್ಪಂದದಲ್ಲಿ ಹೆಸರಿನ ಜಾಗ ಇನ್ನೂ ಖಾಲಿ ಇದೆಯಲ್ಲ, ಅಲ್ಲಿ "ಡ್ವೇನ್ ಪೆಟ್ಟಿಗ್ರೂ" ಎಂದು ಬರೆಸಿಕೊಳ್ಳಿ. ಅವನ ಬದಲಿಗೆ ಅವನನ್ನೇ ಪಡೆಯಿರಿ. ಕೊಟ್ಟದ್ದಕ್ಕಿಂತ ಕಡಿಮೆ ಪಡೆಯದ ತಮ್ಮ ಮೊದಲ ವಿನಿಮಯ ಇದಾಗುತ್ತದೆ. ಬೆಳಿಗ್ಗೆ ಅಪ್ಪ ಈಗಲೂ ಕೈಗವಸು ಹಾಕಿಕೊಂಡು ಬಕೆಟ್ ಮೇಲೆ ಕೂರುತ್ತಾರೆ. ಗಾರ್ಡಿ ಎಸೆಯುತ್ತಾರೆ, ಚಾಪೆ ಕೊಡವಿದಂತೆ. ಅಪ್ಪ ಒಂದೆರಡು ಹಿಡಿದು, "ಸಾಕು ಬಿಡಪ್ಪಾ, ಕೆಲಸಕ್ಕೆ ಹೊತ್ತಾಗುತ್ತೆ ನಿಂಗೆ" ಎಂದು ಎದ್ದು ಒಳಗೆ ಬಂದುಬಿಡುತ್ತಾರೆ. ಅಮ್ಮ ತೀರಿಹೋದ ಮೇಲೆ ಅಪ್ಪ ಬೆಳಗಾಗುವುದನ್ನು ಕಾಯುತ್ತಿದ್ದುದನ್ನು ನಾನು ನೋಡಿದ್ದು ಈ ಬೇಸಿಗೆಯಲ್ಲಿ ಮಾತ್ರ. ಅದನ್ನು ತಾವು ಹೆಸರಿಲ್ಲದವನಿಗೆ ಕೊಟ್ಟುಬಿಟ್ಟಿರಿ. ನನಗೆ ತುಂಬ ಸಂಕಟವಾಗಿದೆ, ಪ್ಲಂಬ್ ಅವರೇ. ಅದನ್ನು ವಿನಯದಿಂದ ಹೇಳುವ ಬಗೆ ನನಗೆ ತಿಳಿಯದು.

ಸೋತರೂ ಟಿಕೆಟ್ ಕೊಳ್ಳುವುದನ್ನು ಬಿಡಲಾಗದ,
ತಮ್ಮ ವಿಶ್ವಾಸಿ,
ಮಾರ್ಲಿಸ್ ಓಸ್ಟರ್‌ಹೌಸ್

ಮರೆತ ಮಾತು: ಶನಿವಾರ ಡನ್‌ಮೋರ್ ತಂಡ ನಮ್ಮೂರಿಗೆ ಬರುತ್ತಿದೆ, ತಮ್ಮ ತಂಡದ ಎದುರು ಎಸೆಯುವವನು ಡ್ವೇನ್. ಬೆಳಿಗ್ಗೆ ಮೊದಲು ನಮ್ಮ ಹಿತ್ತಲಿಗೆ ಬರುತ್ತೇನೆಂದು ಫೋನ್ ಮಾಡಿದ್ದಾನೆ. ಅಪ್ಪ ಆಗಲೇ ಬಕೆಟ್ ತೊಳೆದಿಟ್ಟಿದ್ದಾರೆ. ಆ ನಿಧಾನದ ಚೆಂಡನ್ನು ಹೊಡೆಯುವುದು ಹೇಗೆಂದು ಕೇಳಲು ತಮ್ಮ ಪ್ರಯೋಗಾಲಯದ ಯುವಕರೊಬ್ಬರು ನಿನ್ನೆ ನಮ್ಮ ಮನೆಗೆ ಬಂದಿದ್ದರು. ಅಪ್ಪ ಅವರನ್ನು ಕೂರಿಸಿ, ನಿಂಬೆ ಪಾನಕ ಕೊಟ್ಟು, ಉತ್ತರವನ್ನು ಆಮೇಲೆ ತಿಳಿಸಲಾಗುವುದೆಂದು ಹೇಳಿ ಕಳಿಸಿದರು.